ಕೊನೆಮನೆ ಸಾರು

ಮೊದಲು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. 'ಘಾಚರ್ ಘೋಚರ್' ನನ್ನ ಕೈಗೆ ಬಂದದ್ದು ಒಬ್ಬ ಮಲಯಾಳಿ ಹುಡುಗಿಯ ದೆಸೆಯಿಂದ. ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವಳು. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ ಓದಿ ಮುಗಿಸಿದ್ದಳು. ಒಂದು ದಿನ ಊಟದ ಹೊತ್ತಿಗೆ ಕೇಳಿದಳು: "ನೀವು ಕನ್ನಡದಲ್ಲೇ ಓದಿರ್ತೀರಿ ಅಲ್ವಾ? ಹೇಗಿದೆ?" ನಾನು ಚಪಾತಿ ಮುರಿಯುತ್ತಾ "ಹೂಂ, ಚೆನ್ನಾಗಿದೆ" ಅಂದೆ. ಓದಿರಲೇ ಇಲ್ಲ. ಅವತ್ತು ಸಂಜೆಯೇ ಪುಸ್ತಕ ಆರ್ಡರ್ ಮಾಡಿದೆ.

ವಿವೇಕ ಶಾನಭಾಗರ ಈ ಕಿರುಕಾದಂಬರಿ ಕನ್ನಡದಲ್ಲಿ ಬಂದದ್ದು 2013ರಲ್ಲಿ, ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ. ಬೇರೆ ಕಥೆಗಳ ಜೊತೆ ಒಂದೇ ಪುಸ್ತಕದಲ್ಲಿದೆ. ಇಂಗ್ಲಿಷಿನಲ್ಲಿ ಇದೊಂದನ್ನೇ ತೆಗೆದು ಪುಸ್ತಕ ಮಾಡಿದರು. 2017ರಲ್ಲಿ ಅದು ಅಮೆರಿಕದಲ್ಲೂ ಬಂತು. ಬೆಂಗಳೂರಿನ ಒಂದು ಮನೆಯ ಕಥೆ ಅಷ್ಟು ದೂರ ಹೋಗಿ ಬಂದ ಮೇಲೆ ಬೆಂಗಳೂರಿನಲ್ಲೇ ಇರುವ ನನಗೆ ಸಿಕ್ಕಿತು.

ಪುಸ್ತಕ ಕೈಗೆ ಬಂದಾಗ ಸ್ವಲ್ಪ ನಿರಾಸೆಯಾದದ್ದು ನಿಜ. ಇಷ್ಟು ಚಿಕ್ಕದಾ? ಮನೆತನದ ಕಥೆ ಅಂದರೆ ಮೂರು ತಲೆಮಾರು, ಐನೂರು ಪುಟ, ಆಸ್ತಿ ಪಾಲು, ಕೊನೆಗೆ ಒಂದು ಸಾವು ಅಂತ ನನ್ನ ಲೆಕ್ಕ. ಇದು ಒಂದು ರಾತ್ರಿಗೂ ಸಾಲುವ ಹಾಗಿರಲಿಲ್ಲ. ಎರಡನೇ ಶನಿವಾರ ತವರಿಗೆ ಹೊರಟವಳು, ರೈಲಿನಲ್ಲಿ ಓದಿದರಾಯಿತು ಅಂತ ಬ್ಯಾಗಿಗೆ ಹಾಕಿಕೊಂಡೆ. ತವರು ತುಮಕೂರು. ಕಿಟಕಿ ಪಕ್ಕ ಮಗಳು, ಅವಳ ಪಕ್ಕ ನಾನು.

ಕಥೆ ಶುರುವಾಗುವುದು ಕಾಫಿ ಹೌಸಿನಲ್ಲಿ. ಹೇಳುವವನು ಅಲ್ಲಿ ಒಂದು ಟೇಬಲ್ಲಿಗೆ ಕೂತಿದ್ದಾನೆ. ವಿನ್ಸೆಂಟ್ ಅಂತ ಒಬ್ಬ ವೇಟರ್ ಇದ್ದಾನೆ. ಅವನು ಏನು ಅಂದರೂ ಇವನಿಗೆ ದೇವರು ಹೂವಿನ ಪ್ರಸಾದ ಕೊಟ್ಟ ಹಾಗೆ. ಕೆಲಸವಿಲ್ಲದವನ ತಲೆ ಹೀಗೇ ಓಡುತ್ತೆ ಅಂತ ನಗು ಬಂತು. ಚಿಕ್ಕಬಾಣಾವರ ದಾಟುವ ಹೊತ್ತಿಗೆ ಅವನ ಹಳೇ ಮನೆಗೆ ಬಂದಿದ್ದೆ. ರೈಲು ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆ ಇರುವ ಮನೆ. ರೈಲಿನಲ್ಲೇ ಕೂತು ಇದನ್ನು ಓದಿದೆನಲ್ಲ ಅಂತ ಮಗಳಿಗೆ ತೋರಿಸಿದೆ. ಅವಳಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಆ ಮನೆಯಲ್ಲಿ ಇರುವೆ ಕಾಟ. ಅಮ್ಮ, ಮಗಳು ಸೇರಿ ಇರುವೆಗಳ ಮೇಲೆ ಯುದ್ಧಕ್ಕೆ ನಿಂತಿರುತ್ತಾರೆ. ಹೊಸಕುವುದು, ಸುಡುವುದು, ಸುತ್ತ ನೀರು ಹಾಕಿ ದಾರಿ ಕಟ್ಟುವುದು. ನಾನು ಜೋರಾಗಿ ನಕ್ಕೆ. ಎದುರಿಗೆ ಕೂತಿದ್ದ ಅಜ್ಜ ತಲೆ ಎತ್ತಿ ನೋಡಿದರು. ನಮ್ಮ ವಠಾರದ ಮನೆಯಲ್ಲಿ ಅಮ್ಮ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುತ್ತಿದ್ದಳು. ಬೆಳಿಗ್ಗೆ ಎದ್ದು ತಟ್ಟೆಯಲ್ಲಿ ಎಷ್ಟು ಇರುವೆ ತೇಲುತ್ತಿವೆ ಅಂತ ಎಣಿಸುವುದು ನನ್ನ ಮತ್ತು ಅಣ್ಣನ ಆಟ. ಜಾಸ್ತಿ ಸತ್ತಿದ್ದರೆ ಜಾಸ್ತಿ ಖುಷಿ.

ಕ್ಯಾತಸಂದ್ರದ ಹತ್ತಿರ ಬರುವಾಗ ಓದಿದ ಭಾಗ ನನಗಾಗಿಯೇ ಬರೆದ ಹಾಗಿತ್ತು. ಅಪ್ಪ ಟೀ ಪುಡಿ ಮಾರುವ ಸೇಲ್ಸ್‌ಮನ್. ಒಂದು ರಾತ್ರಿ ಅವರ ಲೆಕ್ಕ ಕೂಡಿಬರುವುದಿಲ್ಲ. ದುಡ್ಡು ಕಮ್ಮಿ ಬೀಳುತ್ತದೆ. ಇಡೀ ಮನೆ ರಸೀತಿ, ಬಿಲ್ಲು ಹರಡಿಕೊಂಡು ಕೂರುತ್ತದೆ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಮಾರ್ಚ್ ತಿಂಗಳಲ್ಲಿ ಒಂದು ತಪ್ಪಿದ ಎಂಟ್ರಿ ಹುಡುಕುತ್ತಾ ರಾತ್ರಿ ಹತ್ತಾಗಿರುತ್ತದಲ್ಲ, ಆ ಹೊಟ್ಟೆಯೊಳಗಿನ ಸಂಕಟ ನನಗೆ ಗೊತ್ತು. ಆದರೆ ಈ ಮನೆಯಲ್ಲಿ ಆ ಸಂಕಟದಲ್ಲೇ ಎಲ್ಲರೂ ಹತ್ತಿರವಾಗುತ್ತಾರೆ. ಬಡತನ ಇರಲಿ, ಏನು ಒಗ್ಗಟ್ಟು ಇವರದು ಅನ್ನಿಸಿತು. ತುಮಕೂರು ಸ್ಟೇಷನ್ನಿನಲ್ಲಿ ಇಳಿಯುವಾಗ ನಾನು ಪೂರ್ತಿ ಆ ಮನೆಯವರ ಕಡೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇನ್ನು ನಾಲ್ಕು ತಾಸಿನಲ್ಲಿ ಈ ಪ್ರೀತಿಯೇ ನನ್ನ ಕುತ್ತಿಗೆಗೆ ಬಂತು.

ರಾತ್ರಿ ಊಟವಾಗಿ ಎಲ್ಲರೂ ಮಲಗಿದ ಮೇಲೆ ಹಾಲಿನ ಸೋಫಾದಲ್ಲಿ ಕೂತು ಮುಂದುವರಿಸಿದೆ. ಅಪ್ಪನ ಕೆಲಸ ಹೋಗುತ್ತದೆ. ಚಿಕ್ಕಪ್ಪ ಮಸಾಲೆ ವ್ಯಾಪಾರ ಶುರು ಮಾಡುತ್ತಾನೆ. ಕೇರಳದಿಂದ ಸಾಮಾನು ತರಿಸಿ, ಸಣ್ಣ ಪೊಟ್ಟಣ ಕಟ್ಟಿ, ಅಂಗಡಿಗಳಿಗೆ ಹಾಕುವ ವ್ಯಾಪಾರ. ದುಡ್ಡು ಬರುತ್ತದೆ, ದೊಡ್ಡ ಮನೆ ಬರುತ್ತದೆ. ದುಡಿಯುವವನು ಚಿಕ್ಕಪ್ಪ ಒಬ್ಬನೇ, ಅದಕ್ಕೇ ಅವನ ಊಟ, ನಿದ್ದೆ, ಮೂಡು ಎಲ್ಲ ಮನೆಯವರ ಹೊಣೆ. ನಮ್ಮನೆಯಲ್ಲೂ ದುಡ್ಡು ಹೀಗೇ ಬಂದದ್ದು. ಅಣ್ಣ ಪಂಪ್‌ಸೆಟ್ ಅಂಗಡಿ ಹಾಕಿದ ಮೇಲೆ. ನಾನು ಕೂತಿದ್ದ ಸೋಫಾ ಕೂಡ ಅವನದೇ ದುಡ್ಡು. ಹಾಗಾಗಿ ಚಿಕ್ಕಪ್ಪನಿಗೆ ಮೊದಲು ಬಡಿಸುವುದನ್ನು ಓದಿದಾಗ ಏನೂ ಅನ್ನಿಸಲಿಲ್ಲ. ಅದರಲ್ಲಿ ತಪ್ಪೇನು?

ಆಮೇಲೆ ಆ ಹೆಂಗಸು ಬಂದಳು. ಒಂದು ಬೆಳಿಗ್ಗೆ ಮನೆ ಬಾಗಿಲಿಗೆ ಬಂದು ಚಿಕ್ಕಪ್ಪನನ್ನು ಕೇಳುತ್ತಾಳೆ. ಕೈಯಲ್ಲೊಂದು ಡಬ್ಬಿ, ಅದರಲ್ಲಿ ಅವನಿಗೆ ಇಷ್ಟ ಅಂತ ಮಾಡಿಕೊಂಡು ಬಂದ ಮಸೂರ್ ಬೇಳೆಯ ಅಡುಗೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಅಮ್ಮ ಮತ್ತು ಮಗಳು ಮಾಲತಿ ಅವಳ ಮೇಲೆ ಬೀಳುತ್ತಾರೆ. ಬಾಯಿಗೆ ಬಂದದ್ದೆಲ್ಲ ಅನ್ನುತ್ತಾರೆ. ಡಬ್ಬಿಯೂ ಉಳಿಯುವುದಿಲ್ಲ.

ಇಲ್ಲಿ ನನಗೆ ಏನನ್ನಿಸಿತು ಅಂತ ನೇರವಾಗಿ ಹೇಳಬೇಕು. ಯಾರಪ್ಪ ಇವಳು, ಮರ್ಯಾದಸ್ಥರ ಮನೆ ಬಾಗಿಲಿಗೆ ಬಂದು ರಾದ್ಧಾಂತ ಮಾಡ್ತಾಳೆ ಅನ್ನಿಸಿತು. ಮನೆಗೆ ಹೊಸದಾಗಿ ಬಂದ ಸೊಸೆ ಅನಿತಾ, ಕಥೆ ಹೇಳುವವನ ಹೆಂಡತಿ, ಹೈದರಾಬಾದಿನವಳು, ಇದನ್ನು ಕಂಡು ಸಿಡಿದೇಳುತ್ತಾಳೆ. ನನಗೆ ಅವಳ ಮೇಲೆ ಕಿರಿಕಿರಿಯಾಯಿತು. "ಸುಮ್ನಿರಬಾರದಾ ಇವಳು" ಅಂದುಕೊಂಡೆ.

ಆ ಮಾತು ತಲೆಯಲ್ಲಿ ಬಂದದ್ದು ನನ್ನ ದನಿಯಲ್ಲಿ ಅಲ್ಲ. ಅಮ್ಮನ ದನಿಯಲ್ಲಿ.

ಎದ್ದು ಅಡುಗೆಮನೆಗೆ ಹೋದೆ. ನೀರು ಕುಡಿದೆ. ಲೈಟ್ ಹಾಕದೆ ಸ್ವಲ್ಪ ಹೊತ್ತು ಸಿಂಕಿನ ಹತ್ತಿರ ನಿಂತೆ. ಇದೇ ಜಾಗದಲ್ಲಿ ನಿಂತು ಅಮ್ಮ ನನಗೆ ಫೋನಿನಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದಳೋ. ಹೇಳಿದ್ದು ನನ್ನ ಮೊದಲನೇ ಅತ್ತಿಗೆಯ ಬಗ್ಗೆ.

ಅತ್ತಿಗೆ ಶಿವಮೊಗ್ಗದವರು. ಎಂ.ಎಸ್ಸಿ. ಓದಿದ್ದರು. ನಮ್ಮನೆಯಲ್ಲಿ ಇದ್ದದ್ದು ಎರಡು ವರ್ಷ ಚಿಲ್ಲರೆ. ಹೊಡೆತ ಬಡಿತ ಏನೂ ಇರಲಿಲ್ಲ. ವರದಕ್ಷಿಣೆ ಮಾತೂ ಇರಲಿಲ್ಲ. "ನಾವೇನು ಮಾಡಿದ್ವಿ ಅವಳಿಗೆ?" ಅಂತ ಅಮ್ಮ ಈಗಲೂ ಕೇಳುತ್ತಾಳೆ. ನಿಜ, ಪಟ್ಟಿ ಮಾಡಲು ಹೋದರೆ ಒಂದೂ ಸಿಗುವುದಿಲ್ಲ. ನಮ್ಮದು ನಗುವ ಮನೆ. ಊಟಕ್ಕೆ ಕೂತರೆ ಮಾತಿಗೊಂದು ತಮಾಷೆ. ನಮ್ಮವೇ ಆದ ಮಾತುಗಳಿದ್ದವು, ಹೊರಗಿನವರಿಗೆ ಅರ್ಥವೇ ಆಗದಂಥವು. ಏನಾದರೂ ಪ್ಲ್ಯಾನ್ ಕೆಟ್ಟುಹೋದರೆ "ಗುಬ್ಬಿ ಬಸ್ಸಾಯ್ತು" ಅನ್ನುತ್ತಿದ್ದೆವು. ತೆಳ್ಳಗಿರುವುದು, ಕಳಪೆಯಾಗಿರುವುದು ಏನೇ ಇದ್ದರೂ ಅದು "ಕೊನೆಮನೆ ಸಾರು". ನೀರು ಮಜ್ಜಿಗೆ ಕೊನೆಮನೆ ಸಾರು. ಸಪ್ಪೆ ಸಿನಿಮಾನೂ ಕೊನೆಮನೆ ಸಾರೇ. ಅಳಿಯ ತಂದ ಸೀರೆಯೂ. (ಅಳಿಯ ಅಂದರೆ ನನ್ನ ಗಂಡ. ಅವರಿಗೆ ಇನ್ನೂ ಗೊತ್ತಿಲ್ಲ.)

ಒಂದು ದಿನ ಅತ್ತಿಗೆ ಮಾಡಿದ ಸಾರಿಗೆ ಅಣ್ಣ ಹಾಗಂದ. ನಾನೂ ಅವತ್ತು ಊರಲ್ಲಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿಗೆ ಸೌಟು ಹಿಡಿದು ನಿಂತಿದ್ದರು. ಅವರೂ ನಕ್ಕರು, ಎಲ್ಲರೂ ನಗುತ್ತಿದ್ದಾರಲ್ಲ ಅಂತ. ಆಮೇಲೆ ಪಾತ್ರೆ ತೊಳೆಯುವಾಗ ನನ್ನನ್ನು ಕೇಳಿದರು: "ಕೊನೆಮನೆ ಅಂದ್ರೆ ಯಾರ ಮನೆ?" ನಾನು "ಅಯ್ಯೋ ಬಿಡಿ ಅತ್ತಿಗೆ, ಅದೊಂದು ದೊಡ್ಡ ಕಥೆ" ಅಂದೆ. ಹೇಳಲಿಲ್ಲ. ಹೇಳಬಾರದು ಅಂತ ಏನಿರಲಿಲ್ಲ. ಹೇಳಿದರೆ ಮಜಾ ಹೋಗುತ್ತೆ ಅಷ್ಟೇ.

ವಾಪಸ್ಸು ಬಂದು ಪುಸ್ತಕ ಮುಗಿಸಿದಾಗ ಒಂದೂ ಕಾಲು. ಕೊನೆ ಏನಾಯಿತು ಅಂತ ಹೇಳುವುದಿಲ್ಲ. ಓದದವರಿಗೆ ಮೋಸವಾಗುತ್ತದೆ. ಇಷ್ಟು ಹೇಳಬಹುದು: ಮುಗಿಯಿತಾ ಅಂತ ಪುಟ ತಿರುವಿ ನೋಡಿದೆ. ಮುಗಿದಿತ್ತು. ಹಿಂದಕ್ಕೆ ಹೋಗಿ ಕೊನೆಯ ಎರಡು ಪುಟ ಮತ್ತೆ ಓದಿದೆ. ಆಮೇಲೆ ಮೈಮೇಲೆ ಮುಳ್ಳೆದ್ದಿತು. ಕತ್ತಲೆಯ ಕಥೆ ಅಂದರೆ ರಕ್ತ, ಕಿರುಚಾಟ ಅಂತ ಅಂದುಕೊಂಡಿರುತ್ತೇವೆ. ಇಲ್ಲಿ ಹಾಗಲ್ಲ. ಸಂಜೆ ಕಿಟಕಿ ಪಕ್ಕ ಓದುತ್ತಾ ಕೂತರೆ ಬೆಳಕು ಯಾವಾಗ ಹೋಯಿತು ಅಂತ ನಮಗೇ ಗೊತ್ತಾಗುವುದಿಲ್ಲ. ಯಾರೋ ಬಂದು ಲೈಟ್ ಹಾಕಿ "ಕಣ್ಣು ಹಾಳ್ಮಾಡ್ಕೋತೀಯ" ಅಂದಾಗಲೇ ಅಯ್ಯೋ ಇಷ್ಟು ಕತ್ತಲಾಗಿತ್ತಾ ಅನ್ನಿಸುತ್ತದೆ. ಈ ಪುಸ್ತಕದಲ್ಲಿ ಬಂದು ಲೈಟ್ ಹಾಕುವವರು ಯಾರೂ ಇಲ್ಲ.

ಎರಡನೇ ಸಲ ಓದಿದ್ದು ಬೆಂಗಳೂರಿಗೆ ಬಂದ ಮೇಲೆ. ಈ ಸಲ ಪೆನ್ಸಿಲ್ ಹಿಡಿದುಕೊಂಡೆ. ಕೆಲಸದ ಚಾಳಿ, ಬಿಡುವುದಿಲ್ಲ. ಆಡಿಟ್‌ನಲ್ಲಿ ಮೊದಲು ಕಲಿಸುವುದು ಇದನ್ನೇ: ಬರೆದದ್ದನ್ನು ಎಲ್ಲರೂ ನೋಡುತ್ತಾರೆ, ನೀನು ಬರೆಯದೇ ಬಿಟ್ಟದ್ದನ್ನು ನೋಡು. ವೋಚರ್ ಇಲ್ಲದ ಖರ್ಚು ಯಾವುದು, ಖರ್ಚಿಲ್ಲದ ವೋಚರ್ ಯಾವುದು.

ಹಾಗೆ ನೋಡಿದರೆ ಈ ಪುಸ್ತಕದ ಲೆಕ್ಕ ಬೇರೆಯೇ. ಕಥೆ ಹೇಳುವವನಿಗೆ ಹೆಸರಿಲ್ಲ. ಮೊದಲ ಸಲ ನನಗೆ ಇದು ಗಮನಕ್ಕೇ ಬಂದಿರಲಿಲ್ಲ. ಅವನು ಹೇಳುವುದೆಲ್ಲ ಕಾಫಿ ಹೌಸಿನ ಆ ಟೇಬಲ್ಲಿನಲ್ಲಿ ಕೂತು. ಉಳಿದದ್ದೆಲ್ಲ ನೆನಪು. ನೆನಪು ಅಂದರೆ ಅವನು ಆರಿಸಿಕೊಂಡದ್ದು. ಯಾವುದನ್ನು ಎಷ್ಟು ಎಳೆದು ಹೇಳುತ್ತಾನೆ, ಯಾವುದನ್ನು ಒಂದೇ ಸಾಲಿನಲ್ಲಿ ದಾಟಿಸುತ್ತಾನೆ ಅಂತ ಗುರುತು ಹಾಕುತ್ತಾ ಹೋದೆ. ಇರುವೆಗಳಿಗೆ ಪುಟಗಟ್ಟಲೆ. ಮಾಲತಿ ಗಂಡನ ಮನೆ ಬಿಟ್ಟು ಬಂದು, ಗಟ್ಟಿ ಆಳುಗಳನ್ನು ಕರೆದುಕೊಂಡು ಹೋಗಿ ಒಡವೆ ವಾಪಸ್ಸು ತಂದದ್ದನ್ನು ಸಾಹಸದ ಕಥೆಯ ಹಾಗೆ ಹೇಳುತ್ತಾನೆ. ಆ ಆಳುಗಳು ಯಾರು, ಮಸಾಲೆ ವ್ಯಾಪಾರಕ್ಕೆ ಅಂಥವರು ಯಾಕೆ ಬೇಕು? ಅದನ್ನು ಕೇಳುವುದಿಲ್ಲ. ಕೇಳಿದರೆ ತನ್ನ ಸಂಬಳ ಎಲ್ಲಿಂದ ಬರುತ್ತೆ ಅಂತಲೂ ಕೇಳಬೇಕಾಗುತ್ತದೆ. ಕಂಪನಿಯಲ್ಲಿ ಅವನಿಗೊಂದು ಹುದ್ದೆ ಇದೆ, ಕೆಲಸ ಇಲ್ಲ.

ಚಿತ್ರಾ ಅನ್ನುವ ಹುಡುಗಿಯನ್ನು ಮೊದಲ ಸಲ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮದುವೆಗೆ ಮುಂಚೆ ಇವನು ಅದೇ ಕಾಫಿ ಹೌಸಿನಲ್ಲಿ ಭೇಟಿಯಾಗುತ್ತಿದ್ದವಳು. ಹೆಂಗಸರಿಗೆ ನೆರವಾಗುವ ಸಂಸ್ಥೆಯಲ್ಲಿ ಕೆಲಸ. ಟೀ ಚೆನ್ನಾಗಿಲ್ಲ ಅಂತ ರಾತ್ರಿ ಹೊತ್ತು ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದವರ ಕಥೆ ಹೇಳುತ್ತಾಳೆ. ಎರಡನೇ ಓದಿನಲ್ಲಿ ಅಲ್ಲಿ ಪೆನ್ಸಿಲ್ ನಿಂತಿತು. ಎಲ್ಲ ಮೊದಲೇ ಹೇಳಿಟ್ಟಿದ್ದಾರೆ. ನಾನು ಹರಟೆ ಅಂದುಕೊಂಡು ದಾಟಿದ್ದೆ.

ಅನಿತಾಳ ಕಡೆಯ ವೋಚರ್ ಒಂದೂ ಇಲ್ಲ. ಅವಳು ಏನು ಅಂದಳು ಅನ್ನುವುದೂ ಇವನ ಬಾಯಿಂದಲೇ.

ಒಂದು ಬಿಟ್ಟು. ಅದೇ ಪುಸ್ತಕದ ಹೆಸರು. 'ಘಾಚರ್ ಘೋಚರ್' ಯಾವ ಭಾಷೆಯ ಪದವೂ ಅಲ್ಲ. ಅನಿತಾಳ ತಮ್ಮ ಚಿಕ್ಕವನಿದ್ದಾಗ ಗಾಳಿಪಟದ ದಾರ ಗೋಜಲಾದಾಗ ಹುಟ್ಟಿಸಿದ ಮಾತು. ಅವಳ ತವರಿನವರಿಗೆ ಬಿಟ್ಟರೆ ಲೋಕದಲ್ಲಿ ಇನ್ನಾರಿಗೂ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ, ಲಾಡಿಯ ಗಂಟು ಬಿಚ್ಚಲು ಬಾರದೆ ಇವನು ಒದ್ದಾಡುವಾಗ, ಅವಳ ಬಾಯಿಂದ ಆ ಮಾತು ಬರುತ್ತದೆ. ಇವನು ಅಂದರೇನು ಅಂತ ಕೇಳುತ್ತಾನೆ. ಅವಳು ಹೇಳುತ್ತಾಳೆ.

ಅವಳು ಹೇಳುತ್ತಾಳೆ. ನಾನು ಪುಸ್ತಕ ಮಡಿಸಿ ಇಟ್ಟದ್ದು ಅಲ್ಲಿ. ಬೇರೆ ಮನೆಯಿಂದ ಬಂದವಳು ತನ್ನ ಮನೆಯ ಗುಟ್ಟಿನ ಮಾತನ್ನು ಗಂಡನ ಕೈಗೆ ಕೊಟ್ಟಳು. ನಾನು ಪಾತ್ರೆ ತೊಳೆಯುತ್ತಾ ಕೇಳಿದವರಿಗೆ "ಅಯ್ಯೋ ಬಿಡಿ" ಅಂದೆ. ಅತ್ತಿಗೆ ಹೋಗುವ ಮುಂಚೆ ಅಣ್ಣನ ಹತ್ತಿರ ಅಂದರಂತೆ: "ನೀವೆಲ್ಲ ಒಟ್ಟಿಗೆ ನಗ್ತೀರಿ. ಯಾಕೆ ಅಂತ ನಂಗೆ ಯಾವತ್ತೂ ಗೊತ್ತಾಗಲಿಲ್ಲ." ಅಣ್ಣ ಇದನ್ನು ನಮಗೆ ಹೇಳಿದಾಗ ನಾವು ಅದಕ್ಕೂ ನಕ್ಕಿದ್ದೆವು. ನಗುವುದಕ್ಕೂ ಕಂಪ್ಲೇಂಟಾ ಅಂತ.

ಮೂರನೇ ಓದು ನನ್ನದಲ್ಲ. ಅಮ್ಮನದು.

ಮುಂದಿನ ತಿಂಗಳು ಹೋದಾಗ ಪುಸ್ತಕ ಅಲ್ಲೇ ಮರೆತು ಬಂದೆ. ಬೇಕೆಂದೇ ಮರೆತೆ ಅಂದರೂ ತಪ್ಪಿಲ್ಲ. ಅಮ್ಮ ವಾರಪತ್ರಿಕೆ ಕಾಲದ ಓದುಗಾರ್ತಿ, ಧಾರಾವಾಹಿ ಕಾದಂಬರಿಗಾಗಿ ಬುಧವಾರ ಗುರುವಾರ ಕಾಯುತ್ತಿದ್ದವಳು. ಪೊರೆ ಆಪರೇಷನ್ ಆದ ಮೇಲೆ ಕಣ್ಣು ಚೆನ್ನಾಗಿದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದಳು. "ಓದ್ದೆ ಕಣೆ. ಚೆನ್ನಾಗಿದೆ. ಒಳ್ಳೆ ಮನೆ ಕಥೆ."

ನಾನು ಕಾದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು ಅಂದರೆ ನಂಬಬೇಕು.

"ಪಾಪ, ಆ ಅಮ್ಮಂದೇನೇ ತಪ್ಪು? ಅಷ್ಟು ಕಷ್ಟ ಬಿದ್ದು ಮೇಲೆ ಬಂದಿರ್ತಾಳೆ. ಮನೆ ಉಳಿಸ್ಕೋಬೇಡ್ವಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸೊಸೆಗೂ ಸ್ವಲ್ಪ ಬಾಯಿ ಜಾಸ್ತಿ" ಅಂದಳು.

ಕೊನೆ ಅರ್ಥವಾಯಿತಾ ಅಂತ ಕೇಳಿದೆ. "ಆಗದೇ ಏನು" ಅಂದಳು. ದನಿಯಲ್ಲಿ ಏನೂ ಬದಲಾಗಲಿಲ್ಲ. ಮಾತು ಬದಲಿಸಿ ಹಲಸಿನ ಹಪ್ಪಳ ಕಳಿಸಲಾ ಅಂತ ಕೇಳಿದಳು. ನನಗೆ ಸಿಟ್ಟು ಬಂತು. ಫೋನ್ ಇಟ್ಟ ಮೇಲೆ ಯೋಚಿಸಿದರೆ, ಮೊದಲ ರಾತ್ರಿ ಸೋಫಾದಲ್ಲಿ ಕೂತು ನಾನು ಓದಿದ್ದೂ ಹೀಗೇ ಅಲ್ವಾ. ಅವಳು ಬಾಯಿಬಿಟ್ಟು ಹೇಳಿದಳು, ಅಷ್ಟೇ.

ಇದಾಗಿ ಎರಡು ವಾರಕ್ಕೆ ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ಭಾನುವಾರ ಮಧ್ಯಾಹ್ನ. ನಾನು ಮಾಡಿದ ಸಾರು ನಿಜವಾಗಲೂ ತೆಳ್ಳಗಾಗಿತ್ತು, ಬೇಳೆ ಸರಿಯಾಗಿ ಬೆಂದಿರಲಿಲ್ಲ. ಅಮ್ಮ ಒಂದು ಸೌಟು ಹಾಕಿಕೊಂಡು, ಕಲಸುತ್ತಾ, ಅಭ್ಯಾಸಬಲದಿಂದ ಅಂದಳು: "ಕೊನೆಮನೆ ಸಾರಾಗಿದೆ."

ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಕೊನೆಮನೆ ಅಂದ್ರೆ ಯಾವ್ದು ಅಜ್ಜಿ?"

ನಾನು ಬಾಯಿ ತೆರೆದೆ. ಹೇಳಬೇಕಾದ್ದು ಇದು. ಹಳೇ ವಠಾರದಲ್ಲಿ ಎಂಟು ಮನೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಹದಿನೈದು ದಿನ ಆಸ್ಪತ್ರೆ. ಆಗ ಅಜ್ಜಿ ನಮ್ಮ ಜೊತೆ ಇದ್ದರೂ ಎದ್ದು ಓಡಾಡುವ ಹಾಗಿರಲಿಲ್ಲ. ಅಪ್ಪ ರೈಸ್‌ಮಿಲ್ಲಿಗೆ ಹೋಗಲೇಬೇಕು. ಆ ಹದಿನೈದು ದಿನ, ಎರಡು ಹೊತ್ತೂ, ವಠಾರದ ಕೊನೆಯ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಸಾರು ತಂದು ನಮ್ಮ ಹೊಸ್ತಿಲ ಒಳಗೆ ಇಟ್ಟು ಹೋಗುತ್ತಿದ್ದರು. ನಾನೂ ಅಣ್ಣನೂ ಮುಚ್ಚಳ ತೆಗೆದು ಒಳಗೆ ಮುಖ ನೋಡಿಕೊಳ್ಳುತ್ತಿದ್ದೆವು. ಅಷ್ಟು ತೆಳ್ಳಗೆ. ತಳದಲ್ಲಿ ನಾಲ್ಕು ಬೇಳೆ. ಬೇಳೆ ಎಣಿಸಿ ಹಂಚಿಕೊಳ್ಳುತ್ತಿದ್ದೆವು. ಅಮ್ಮ ಮನೆಗೆ ಬಂದ ದಿನ ಅಣ್ಣ ಅದನ್ನೇ ನಟಿಸಿ ತೋರಿಸಿದ. ಅಮ್ಮ ಹೊಲಿಗೆ ನೋವಾಗುತ್ತೆ ಕಣೋ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂವತ್ತು ವರ್ಷದಿಂದ ನಗುತ್ತಿದ್ದೇವೆ.

ನಾನು ಹೇಳುವ ಮುಂಚೆ ಅಮ್ಮನೇ ಹೇಳಿದಳು. ಮಗಳಿಗೆ ಹೇಳಿದರೂ ಅವಳ ಕಣ್ಣು ತಟ್ಟೆಯ ಮೇಲೆಯೇ ಇತ್ತು.

"ನಂಗೆ ಹುಷಾರಿಲ್ದಾಗ ನಿಮ್ಮಮ್ಮಂಗೂ ಮಾಮಂಗೂ ಸಾರು ತಂದ್ಕೊಡ್ತಿದ್ರು. ಅವರ ಮನೇಲಿ ಆರು ಜನ. ನಮ್ಮನೇಲಿ ನಾಲ್ಕು. ಬೇಳೆ ಮಾತ್ರ ಅದೇ ಒಂದು ಪಾವು."

"ಅವರ ಹೆಸರೇನಜ್ಜಿ?"

ಅಮ್ಮ ಕಲಸುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ನಾನೂ ಅವಳನ್ನೇ ನೋಡುತ್ತಿದ್ದೆ.

"ಕೊನೆಮನೆಯೋರು ಅಂತಲೇ ಅಂತಿದ್ವಿ" ಅಂದಳು. ಆಮೇಲೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.